ಇಪ್ಪತ್ತನಾಲ್ಕನೆಯ ಹೆಸರು

ಸತ್ತವರೆಂದರೆ ಬಾಲ್ಬಿನಾಳಿಗೆ ಹೆದರಿಕೆಯೇನೂ ಇರಲಿಲ್ಲ. ಆ ಹೆದರಿಕೆ ಇಟ್ಟುಕೊಂಡು ಹಿಕಾರಾಲ್‌ನಂಥ ಊರಿನಲ್ಲಿ ಬಾಳುವೆ ಮಾಡಲಿಕ್ಕೂ ಆಗುವುದಿಲ್ಲ ಬಿಡಿ. ಇಲ್ಲಿ ಯಾವ ಜೋಳದ ಹೊಲಕ್ಕೆ ಕಾಲಿಟ್ಟರೂ ಕೆಳಗೆ ಪರಿಚಯದವರು ಯಾರಾದರೂ ಮಲಗಿರುತ್ತಾರೆ. ಹಾಡಹಗಲಲ್ಲೇ, ಅಂಗಳದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿರುವಾಗ, ಅವಳಿಗೆ ಅವರ ದನಿ ಕೇಳಿಸುತ್ತಿತ್ತು. ಅವರು ಬೇರೇನೂ ಹೇಳುತ್ತಿರಲಿಲ್ಲ. "ಇದ್ದೀನಿ" ಎನ್ನುತ್ತಿದ್ದರು, ಅಷ್ಟೆ. ಮೊದಲು ತೆಲೆಸ್ಫೊರೊನ ಗೊಗ್ಗರು ದನಿ, ಕೊನೆಗೆ ಹದಿನಾಲ್ಕು ವರ್ಷದ ಒಲಿಂಪಿಯಾಳ ಎಳೆ ದನಿ. ಒಟ್ಟು ಇಪ್ಪತ್ತಮೂರು. ಬಾಲ್ಬಿನಾ ಒಗೆಯುತ್ತಲೇ ಎಣಿಸುತ್ತಿದ್ದಳು.

ಅವಳು ಹೆದರುತ್ತಿದ್ದದ್ದು ಇಪ್ಪತ್ತಮೂರನೆಯ ದನಿಯ ಆಮೇಲಿನ ಮೌನಕ್ಕೆ. ಇನ್ನೂ ಒಂದು ಹೆಸರು ಬಾಕಿಯಿದೆ, ಅದನ್ನು ಕೂಗುವವರೆಗೆ ನಾವು ಕದಲುವುದಿಲ್ಲ ಎಂದು ಅವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದಾರೆ ಅನ್ನಿಸುತ್ತಿತ್ತು. ಆಗ ಅವಳು ಬಟ್ಟೆಯನ್ನು ಕಲ್ಲಿಗೆ ಜೋರಾಗಿ ಬಡಿಯುತ್ತಿದ್ದಳು. ಬಡಿದೂ ಬಡಿದೂ ಒಳ್ಳೊಳ್ಳೆಯ ಬಟ್ಟೆಗಳನ್ನೇ ಹರಿದುಕೊಂಡಿದ್ದಾಳೆ.

ಮೇ ಮೂರಕ್ಕೆ ಎಲ್ ಸಾಲ್ವದೋರಿನ ಮನೆಮನೆಯಲ್ಲೂ ಶಿಲುಬೆ ಹಬ್ಬ. ಹಸಿ ಕೊಂಬೆ ಕಡಿದು ಶಿಲುಬೆ ಮಾಡಿ ಅಂಗಳದಲ್ಲಿ ನೆಟ್ಟು, ಅದಕ್ಕೆ ಬಣ್ಣದ ಕಾಗದ ಕಟ್ಟಿ, ಬುಡದಲ್ಲಿ ಮಾವು, ಗೇರುಹಣ್ಣು, ಎಳನೀರು ಜೋಡಿಸುತ್ತಾರೆ. ಹಿಕಾರಾಲ್‌ನಲ್ಲಿ ಮಾತ್ರ ಮಾರನೆಯ ದಿನವೂ ಒಂದು ಆಚರಣೆ ಉಂಟು. ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಬಾಲ್ಬಿನಾ ಪೀಠದ ಪಕ್ಕ ನಿಂತು ಅಂತರ್ಯುದ್ಧದ ಕಾಲದಲ್ಲಿ ಆ ದಿನ ಸತ್ತವರ ಹೆಸರು ಒಂದೊಂದಾಗಿ ಕೂಗುತ್ತಾಳೆ. ಪ್ರತಿ ಹೆಸರಿಗೂ ಊರಿಗೆ ಊರೇ ಎದ್ದು "ಇದ್ದೀನಿ!" ಎನ್ನುತ್ತದೆ. ಸತ್ತವರ ಪರವಾಗಿ ಬದುಕಿರುವವರು ಹೇಳುವ ಹಾಜರಿ. ಅವಳಿಗೆ ಕಾಗದ ಬೇಡ, ಎಲ್ಲ ಬಾಯಿಪಾಠ. ನಲವತ್ತನಾಲ್ಕು ವರ್ಷ ಒಮ್ಮೆಯೂ ತಪ್ಪಿಲ್ಲ.

"ನಿನ್ನೊಬ್ಬಳನ್ನ ದೇವರು ಅದಕ್ಕೇ ಉಳಿಸಿದ್ದು ಕೊಮಾದ್ರೆ," ಎನ್ನುತ್ತಿದ್ದಳು ಕಸಿಮೀರಾ, ದಿನ ಬೆಳಗಾದರೆ. ಕಸಿಮೀರಾ ಪಕ್ಕದ ಮನೆಯವಳು. ಅವಳ ಮಗನನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡವಳು ಬಾಲ್ಬಿನಾ. ಅವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಕಸಿಮೀರಾ ತೊರ್ತಿಯಾ ಎಂಬ ಬಿಸಿ ಜೋಳದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು, ಬಾಲ್ಬಿನಾ ಕಾಫಿ ಕಾಸುತ್ತಿದ್ದಳು. ತೆಲೆಸ್ಫೊರೊ ಕಸಿಮೀರಾಳ ಗಂಡ. ಒಲಿಂಪಿಯಾ ಅವಳ ತಂಗಿ. ಪಟ್ಟಿಯ ಮೊದಲ ಹೆಸರೂ ಅವಳ ಮನೆಯದೇ, ಕೊನೆಯದೂ ಅವಳ ಮನೆಯದೇ. ಅಂಥವಳು ದಿನಾ ಬಂದು "ದೇವರು ಉಳಿಸಿದ" ಎನ್ನುವಾಗ ಬಾಲ್ಬಿನಾ ಒಲೆಯ ಕಡೆ ತಿರುಗಿ ಇದ್ದ ಬೆಂಕಿಯನ್ನೇ ಕೆದಕುತ್ತಿದ್ದಳು.

ಈ ವರ್ಷ ಏಪ್ರಿಲ್‌ನಲ್ಲಿ ಹೊಳೆ ಪೂರ್ತಿ ಬತ್ತಿತು. ಕೆಳಗಿನ ಬಯಲಿನ ಕಬ್ಬಿನ ತೋಟದವರು ಹೊಳೆಯ ದಂಡೆಯುದ್ದಕ್ಕೂ ಆಳದ ಬಾವಿ ಕೊರೆಸಿದ್ದರು. ಕಸಿಮೀರಾಳ ಮೊಮ್ಮಗಳು ನೊಹೆಮಿ ಊರವರನ್ನು ಸೇರಿಸಿ ನೀರಿನ ಸಮಿತಿ ಮಾಡಿದ್ದಳು. ಮೇಯರ್‌ಗೆ ಕೊಡುವ ಮನವಿಗೆ ಹೆಸರು ಬೇಕೆಂದು ಹಾಳೆ ಹಿಡಿದು ಮನೆಮನೆ ತಿರುಗುತ್ತಿದ್ದವಳು ಒಂದು ಬೆಳಿಗ್ಗೆ, ಇಬ್ಬರು ಮುದುಕಿಯರೂ ಕಾಫಿ ಕುಡಿಯುತ್ತಿರುವಾಗ ಒಳಗೆ ಬಂದಳು.

"ಬಾಲ್ಬಿನಾ ಅಜ್ಜಿ, ನಿಮ್ ಹೆಸರೊಂದು ಹಾಕಿ."

"ಕಾಗದದ ಮೇಲೆಲ್ಲ ಹೆಸರು ಬರೀಬೇಡ್ವೇ ತಾಯಿ. ಬಾಯಲ್ಲಿ ಹೇಳ್ಕೊಳ್ಳಿ, ಸಾಕು."

"ಬಾಯಲ್ಲಿ ಹೇಳಿ ಹೇಳಿ ನಮ್ ಬಾಯೇ ಒಣಗ್ತು. ಮೇಯರ್ ಕಿವಿಗೆ ಕಬ್ಬಿನ್ ರಸ ಹೊಯ್ದಿದಾರೆ, ಏನೂ ಕೇಳಲ್ಲ ಅವನಿಗೆ."

ಕಸಿಮೀರಾ ಕಿಸಕ್ಕನೆ ನಕ್ಕಳು. ಬಾಲ್ಬಿನಾ ನಗಲಿಲ್ಲ. "ನಾನು ಹಾಕಲ್ಲ. ನೀನೂ ಆ ಹಾಳೆ ಸುಟ್ಟು ಹಾಕು," ಎಂದಳು.

ನೊಹೆಮಿಗೆ ಸಿಟ್ಟು ಮೂಗಿನ ತುದಿಯಲ್ಲೇ. "ಸರಿ ಬಿಡಿ. ಸತ್ತೋರ್ ಹೆಸರಾದ್ರೆ ಮೈಕ್ ಮುಂದೆ ನಿಂತು ಕೂಗ್ತೀರ, ಬದುಕಿರೋರ್ ಹೆಸರು ಬರೆಯೋಕೆ ಕೈ ನಡುಗತ್ತೆ. ಆ ಫಾದರ್ ನೋಡಿದ್ರೆ, ಮೀಟಿಂಗಿಗೆ ಇಗರ್ಜಿ ಕೊಡಲ್ಲ ಅಂತಾರೆ. ನೀವಿಬ್ರೂ ಒಳ್ಳೆ ಜೋಡಿ."

"ಏಯ್! ಯಾರ್ ಹತ್ರ ಮಾತಾಡ್ತಿದೀಯ ಅಂತ ನೆನಪಿರ್ಲಿ!" ಎಂದು ಕಸಿಮೀರಾ ಗದರಿದಳು. ಹುಡುಗಿ ಆಗಲೇ ಬಾಗಿಲು ದಾಟಿದ್ದಳು. ಬಾಲ್ಬಿನಾ ಕುಡಿಯದೆ ಲೋಟ ಕೆಳಗಿಟ್ಟಳು.

ಹಬ್ಬಕ್ಕೆ ಮೂರು ದಿನವಿರುವಾಗ ಫಾದರ್ ಎಲ್ಮೆರ್ ಅವಳಿಗೆ ಹೇಳಿಕಳಿಸಿದರು. ಊರಿಗೆ ಬಂದು ಎರಡು ವರ್ಷವಾದ, ಇನ್ನೂ ಮೂವತ್ತೆರಡರ ಹರೆಯದ ಪಾದ್ರಿ. ಕೆಟ್ಟವರಲ್ಲ. ಇಗರ್ಜಿಗೆ ಕೀಬೋರ್ಡು ತಂದರು, ಡ್ರಮ್ಮು ತಂದರು, ಗೋಡೆಗೆ ಪರದೆ ಹಾಕಿ ಅದರ ಮೇಲೆ ಹಾಡಿನ ಸಾಲು ಬಿಟ್ಟರು. ಕೈಯೆತ್ತಿ ಕುಣಿಯಲು ಪಕ್ಕದ ಊರಿನ ಜನರೂ ಬರತೊಡಗಿದರು. ಆದರೆ ಹೋದ ವರ್ಷ ಹಾಜರಿಯ ಹೊತ್ತಿಗೆ ಅವರು ಕಾಲು ಬದಲಿಸಿ ಬದಲಿಸಿ ನಿಂತಿದ್ದನ್ನು ಬಾಲ್ಬಿನಾ ನೋಡಿದ್ದಳು. "ಮುಂದಿನ ಸಲ ಸ್ವಲ್ಪ ಚಿಕ್ಕದಾಗಿ ಮಾಡೋಣ ಅಜ್ಜಿ, ಪೂಜೆಯೊಳಗೆ ರಾಜಕೀಯ ಯಾಕೆ?" ಎಂದು ಆಮೇಲೆ ಅಂದಿದ್ದರು. ಈಗ ಪೂರ್ತಿ ನಿಲ್ಲಿಸಿಬಿಡಿ ಅನ್ನಲಿಕ್ಕೇ ಕರೆದಿದ್ದಾರೆ ಎಂದುಕೊಂಡು ಹೋದಳು. ನಿಲ್ಲಿಸಿಯಾದರೂ ಬಿಡಲಿ ಎಂಬ ಆಸೆಯೂ ಒಳಗೆಲ್ಲೋ ಇತ್ತು, ಸುಳ್ಳು ಯಾಕೆ ಹೇಳಬೇಕು.

"ಕೂತ್ಕೊಳ್ಳಿ ಅಜ್ಜಿ. ಒಂದು ವಿಷಯ ಕೇಳ್ಬೇಕಿತ್ತು. ಆಗ ಇಲ್ಲಿ ಬೈಬಲ್ ಕೂಟ ನಡೀತಿತ್ತಲ್ಲ, ಹೇಗಿತ್ತು ಅದು?"

"ಯಾಕೆ ಫಾದರ್ ಈಗ ಅದೆಲ್ಲ?"

"ಸೆಮಿನರಿಲಿ ನಮಗೆ ವಿಮೋಚನಾ ದೈವಶಾಸ್ತ್ರ, ದೇವರು ಬಡವರ ಪರ ಅನ್ನೋದು, ಅಂತ ಒಂದೇ ಒಂದು ಪಾಠ ಇತ್ತು. ಊರು ಬಿಟ್ಟು ಹೋಗಿರೋ ಕಾಯಿಲೆ ಬಗ್ಗೆ ಡಾಕ್ಟ್ರಿಗೆ ಹೇಳಿಕೊಡೋ ಥರ ಹೇಳಿಕೊಟ್ರು. ಪರೀಕ್ಷೇಲಿ ಬಂತು, ಬರೆದೆ, ಮರೆತೆ."

"ನಮಗೆ ಆ ಹೆಸರೇ ಗೊತ್ತಿರ್ಲಿಲ್ಲ," ಎಂದಳು ಬಾಲ್ಬಿನಾ. "ವಾರಕ್ಕೊಂದು ದಿನ ಗುಡ್ಡದ ಮೇಲೆ ಮರದ ಕೆಳಗೆ ಕೂತ್ಕೋತಿದ್ವಿ. ಐಗುಪ್ತದ ರಾಜ ಫರೋಹ ಜನರ ಹತ್ರ ಬಿಟ್ಟಿ ಇಟ್ಟಿಗೆ ಹೊರಿಸ್ದ ಅಂತ ಓದಿದ್ವಿ. ಆಗ ಇಲ್ಲಿದ್ದ ಫಾದರ್ ಹಸಿಂತೊ ಕೇಳಿದ್ರು, ನಿಮ್ಮೂರಲ್ಲಿ ಇಟ್ಟಿಗೆ ಹೊರಿಸೋನು ಯಾರಪ್ಪಾ ಅಂತ. ಎಲ್ರೂ ನೆಲ ನೋಡಿದ್ರು. ಕೊನೆಗೆ ತೆಲೆಸ್ಫೊರೊ ಹೇಳ್ದ, ಇಲ್ಲಿ ಇಟ್ಟಿಗೆ ಅಲ್ಲ ಫಾದರ್, ಕಬ್ಬು ಅಂತ. ನಮ್ಮ ದೈವಶಾಸ್ತ್ರ ಅಷ್ಟೇ."

ಕಿಟಕಿಯ ಹೊರಗೆ ಕೆಳಗಿನ ಬಯಲಲ್ಲಿ ಕಬ್ಬು ಹಸಿರಾಗಿ ನಿಂತಿತ್ತು. ಫಾದರ್ ಎಲ್ಮೆರ್ ಮೇಜಿನ ಖಾನೆ ತೆಗೆದರು. "ನಿನ್ನೆ ರಾಜಧಾನಿಯಿಂದ ಒಬ್ಬ ಹೆಂಗಸು ಬಂದಿದ್ಲು. ಅವಳಪ್ಪ ಆಗ ಸಿಪಾಯಿ ಆಗಿದ್ದನಂತೆ, ಈ ಊರಿಗೂ ಬಂದಿದ್ದನಂತೆ. ಹೋದ ತಿಂಗಳು ತೀರ್ಕೊಂಡ. ಸಾಯೋ ಮುಂಚೆ ಇದನ್ನ ಕೊಟ್ಟು, ಹಿಕಾರಾಲ್ ಇಗರ್ಜಿಗೆ ತಲುಪಿಸು ಅಂದನಂತೆ." ಅವರು ಮೇಜಿನ ಮೇಲಿಟ್ಟದ್ದು ನೀಲಿ ರಟ್ಟಿನ ಒಂದು ಶಾಲೆಯ ನೋಟುಪುಸ್ತಕ. ಅಂಚಿಗೆ ಮಣ್ಣಿನ ಕಲೆ.

ಬಾಲ್ಬಿನಾಳಿಗೆ ಅದನ್ನು ತೆರೆಯುವ ಅಗತ್ಯವೇ ಇರಲಿಲ್ಲ.

"ಹಾಜರಿ ಪುಸ್ತಕ. ಎಷ್ಟು ಮುದ್ದಾಗಿ ಬರೆದಿದಾರೆ ನೋಡಿ. ರಾತ್ರಿ ಇದನ್ನ ನೋಡ್ತಾ ಕೂತಿದ್ದೆ ಅಜ್ಜಿ. ನಿಲ್ಲಿಸೋಣ ಅಂತಿದ್ದೆ ನಾನು, ನಾಚಿಕೆ ಆಯ್ತು. ಈ ಸಲ ನೀವು ಇದನ್ನೇ ಹಿಡ್ಕೊಂಡು ಓದ್ಬೇಕು." ಪಾದ್ರಿಯ ಕಣ್ಣು ಒದ್ದೆಯಾಗಿತ್ತು. "ಇದನ್ನ ಬರೆದವರು ಯಾರು, ನೆನಪಿದೆಯಾ?"

"ಇಲ್ಲ," ಎಂದಳು ಬಾಲ್ಬಿನಾ.

ಬರೆದವಳು ಅವಳೇ.

ಕೂಟ ಶುರುವಾದಾಗ ಅವಳಿಗೆ ಹದಿನೆಂಟು. ಅಲ್ಲಿ ಅಕ್ಷರ ಕಲಿತವರಲ್ಲಿ ಅವಳೇ ಮೊದಲನೆಯವಳು. ಆ ಊರಿನ ಜನ ಹುಟ್ಟಿದಾರಭ್ಯ "ಏಯ್", "ಬಾರೋ ಇಲ್ಲಿ" ಎಂದು ಕರೆಸಿಕೊಂಡವರು. ಫಾದರ್ ಹಸಿಂತೊ ಅವರನ್ನು ಹೆಸರು, ಅಡ್ಡಹೆಸರು ಸಮೇತ ಕೂಗಿ, ಎದ್ದು ನಿಂತು, ತಲೆಯೆತ್ತಿ "ಇದ್ದೀನಿ" ಎನ್ನಲು ಕಲಿಸಿದರು. ತೆಲೆಸ್ಫೊರೊ ಮೊದಲ ದಿನ ನಾಚಿಕೊಂಡು ಟೋಪಿ ಕಚ್ಚಿಕೊಂಡಿದ್ದ. ನಾಲ್ಕೇ ವಾರದಲ್ಲಿ ಮರದ ಮೇಲಿನ ಹಕ್ಕಿ ಹಾರುವಂತೆ ಕೂಗತೊಡಗಿದ. ಕಸಿಮೀರಾ ಮಾತ್ರ, "ಈ ಹೊಟ್ಟೆ ಹೊತ್ಕೊಂಡು ಗುಡ್ಡ ಹತ್ತಲಾರೆ, ಹೆತ್ತ ಮೇಲೆ ಬರ್ತೀನಿ," ಎಂದು ಉಳಿದವಳು, ಹೆತ್ತ ಮೇಲೆ ಕೂಸಿನ ನೆಪದಲ್ಲಿ ಬರಲೇ ಇಲ್ಲ. ಹೆಸರು ಬರೆಯುವ ಕೆಲಸ ಬಾಲ್ಬಿನಾಳದು. ಬರೆಯುವವಳು ತನ್ನ ಹೆಸರನ್ನೇ ಬರೆದುಕೊಳ್ಳುವುದು ಚೆನ್ನಾಗಿರುವುದಿಲ್ಲ ಎಂದು ಅವಳು ಬರೆದುಕೊಂಡಿರಲಿಲ್ಲ.

ಎರಡು ವರ್ಷದ ಮೇಲೆ, ಕೂಡಿ ಬೈಬಲ್ ಓದುವ ಬಡವರೆಲ್ಲ ದಂಗೆಕೋರರೆಂದು, ಬೈಬಲ್ ಇಟ್ಟುಕೊಂಡವರ ಮನೆಗೆ ಸರ್ಕಾರದ ಸಿಪಾಯಿಗಳು ಬರುವ ಕಾಲ ಬಂತು. "ಪುಸ್ತಕ ಸುಟ್ಟುಬಿಡಮ್ಮ, ಇವತ್ತೇ," ಎಂದು ಹೇಳಿ ಫಾದರ್ ಹಸಿಂತೊ ಬಸ್ಸು ಹತ್ತಿ ಹೋದರು. ದಾರಿಯಲ್ಲಿ ಅವರನ್ನು ಬಸ್ಸಿನಿಂದ ಇಳಿಸಿಕೊಂಡು ಹೋದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ, ಅವರು ಮತ್ತೆ ಬರಲಿಲ್ಲ. ಬಾಲ್ಬಿನಾ ಒಲೆಯ ಮುಂದೆ ಪುಸ್ತಕ ಹಿಡಿದು ಕೂತಳು. ಕೈ ಬರಲಿಲ್ಲ. ಅವಳು ಬದುಕಿನಲ್ಲಿ ಬರೆದ ಮೊದಲ ಅಕ್ಷರಗಳು. ಎಷ್ಟು ದುಂಡಗೆ ಬರೆದಿದ್ದಳು! ಆ ಬರವಣಿಗೆಯ ಹೆಮ್ಮೆ, ಹಾಳಾದ್ದು, ಬಿಡಲಿಲ್ಲ. ಮಾರನೆಯ ದಿನ ಶಿಲುಬೆ ಹಬ್ಬ. ಇಗರ್ಜಿಯ ಅಂಗಳದಲ್ಲಿ ಶಿಲುಬೆ ನೆಡಲು ಗುಂಡಿ ತೋಡಿದ್ದರು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗುಂಡಿಯ ತಳಕ್ಕೆ ಹಾಕಿ ಮಣ್ಣು ಮುಚ್ಚಿದಳು. ಶಿಲುಬೆಯ ಕೆಳಗೆ ಯಾರು ಅಗೆಯುತ್ತಾರೆ?

ಯಾರೂ ಅಗೆಯಲಿಲ್ಲ. ಹಬ್ಬದ ಮಾರನೆಯ ಬೆಳಿಗ್ಗೆ ಹಣ್ಣು ಹಂಚಿಕೊಳ್ಳಲು ಕೂಟದವರು ಸೇರಿದ್ದಾಗ ಸಿಪಾಯಿಗಳು ಬಂದರು. ಮಾವಿನಹಣ್ಣು ತಿಂದರು. ಒಬ್ಬ ತಮಾಷೆಗೆ ಶಿಲುಬೆಯನ್ನು ಅಲ್ಲಾಡಿಸಿ ಕಿತ್ತ. ಮಣ್ಣಿನ ಜೊತೆ ಚೀಲ ಮೇಲೆ ಬಂತು.

ಅವರ ಅಧಿಕಾರಿ ಪುಸ್ತಕ ತೆರೆದು, ಮೇಷ್ಟರ ಹಾಗೆ ನಿಂತು, ಮೊದಲ ಹೆಸರು ಕೂಗಿದ. "ತೆಲೆಸ್ಫೊರೊ ಒರೆಯಾನಾ!"

"ಇದ್ದೀನಿ!" ಎಂದ ತೆಲೆಸ್ಫೊರೊ, ಎದ್ದು, ತಲೆಯೆತ್ತಿ. ಅಯ್ಯೋ ದೇವರೇ. ಎರಡು ವರ್ಷದ ಅಭ್ಯಾಸ, ಬಾಯಿ ತಾನಾಗಿ ಹೇಳಿಬಿಟ್ಟಿತು. ಎರಡನೆಯವನೂ ಹಾಗೇ ಹೇಳಿದ. ಐದನೆಯವನ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು, ಎದ್ದವರನ್ನು ಇಗರ್ಜಿಯ ಗೋಡೆಯ ಕಡೆ ತಳ್ಳುತ್ತಿದ್ದರು. ಆದರೂ ಆರನೆಯವಳು ಎದ್ದಳು. ಏಳನೆಯವನು ಎದ್ದ. ಸುಮ್ಮನೆ ಕೂತಿದ್ದರೆ ಸಿಪಾಯಿಗೆ ಯಾರು ಯಾರೆಂದು ತಿಳಿಯುತ್ತಿತ್ತೆ? ಯಾಕೆ ಎದ್ದರು ಎಂದು ಬಾಲ್ಬಿನಾ ನಲವತ್ತನಾಲ್ಕು ವರ್ಷದಿಂದ ಕೇಳಿಕೊಳ್ಳುತ್ತಿದ್ದಾಳೆ. ಕೊನೆಗೆ ಒಲಿಂಪಿಯಾ, ಲಂಗದ ಮಣ್ಣು ಕೊಡವಿ ಎದ್ದು, ಇತರರ ಬಳಿಗೆ ತಾನೇ ನಡೆದುಹೋದಳು.

ಆಮೇಲೆ ಮೌನ. ಅಧಿಕಾರಿ ಪುಟ ತಿರುವಿದ. ಮುಂದೆ ಖಾಲಿ. ಉಳಿದ ಒಬ್ಬಳ ಕಡೆ ನೋಡಿ, "ನೀನ್ಯಾರು?" ಎಂದ.

"ನಾನೂ ಇದ್ದೀನಿ" ಎನ್ನುವುದು ಎರಡೇ ಮಾತು. ಅವಳು ಹೇಳಿದ್ದು, "ಹಣ್ಣಿಗೆ ಬಂದಿದ್ದೆ ಸ್ವಾಮಿ."

ಮೇ ನಾಲ್ಕರಂದು ಇಗರ್ಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಪಾಯಿಯ ಮನೆಯಿಂದ ಪುಸ್ತಕ ಬಂದ ಸುದ್ದಿ ಊರೆಲ್ಲ ಹರಡಿತ್ತು. ಅಂಗಳದಲ್ಲಿ ನಿನ್ನೆಯ ಶಿಲುಬೆ, ಬಣ್ಣದ ಕಾಗದ ಗಾಳಿಗೆ ಪಟಪಟ ಅನ್ನುತ್ತಿತ್ತು. ಮುಂದಿನ ಬೆಂಚಿನಲ್ಲಿ ಕಸಿಮೀರಾ, ಪಕ್ಕದಲ್ಲಿ ನೊಹೆಮಿ. ಫಾದರ್ ಎಲ್ಮೆರ್ ಡ್ರಮ್ಮಿನ ಮೇಲೆ ಬಟ್ಟೆ ಮುಚ್ಚಿಸಿದ್ದರು.

ಬಾಲ್ಬಿನಾ ಪುಸ್ತಕ ತೆರೆದಳು. ಹದಿನೆಂಟು ವರ್ಷದ ಹುಡುಗಿಯ ದುಂಡು ಅಕ್ಷರಗಳು ಅವಳನ್ನೇ ನೋಡಿದವು.

"ತೆಲೆಸ್ಫೊರೊ ಒರೆಯಾನಾ."

"ಇದ್ದೀನಿ!" ಎಂದಿತು ಊರು. ಆ ದನಿಯ ಅಡಿಯಲ್ಲಿ, ಅರೆಗಳಿಗೆ ತಡವಾಗಿ, ಗೊಗ್ಗರಾಗಿ, ಇನ್ನೊಂದು. ಅವಳ ತೋಳಿನ ಮೇಲೆ ಮುಳ್ಳೆದ್ದಿತು. ಪ್ರತಿ ಹೆಸರಿಗೂ ಹಾಗೇ ಆಯಿತು. ಅವರೆಲ್ಲ ಒಳಗೆ ಬಂದಿದ್ದರು. ಗೋಡೆಯುದ್ದಕ್ಕೂ, ಸಾಲಾಗಿ, ಅವತ್ತು ನಿಂತ ಹಾಗೇ ನಿಂತಿದ್ದರು. ಅವಳು ತಲೆಯೆತ್ತಿ ನೋಡಲಿಲ್ಲ. ಬೇಕಿರಲಿಲ್ಲ.

"ಒಲಿಂಪಿಯಾ ಸೆರಾನೊ."

"ಇದ್ದೀನಿ!"

ಮೌನ. ಅದೇ ಮೌನ. ಜನ ಕೂರಲು ಶುರುಮಾಡಿದರು, ಗೋಡೆಯ ಬಳಿಯವರು ಕೂರಲಿಲ್ಲ.

"ಇನ್ನೊಂದು ಹೆಸರಿದೆ," ಎಂದಳು ಬಾಲ್ಬಿನಾ. ಕೂತವರು ಮತ್ತೆ ಎದ್ದರು. "ಬಾಲ್ಬಿನಾ ಮೆಹೀಯಾ."

ಅಜ್ಜಿಗೆ ಅರಳುಮರಳಾಯಿತೇನೋ ಎಂದು ಹಿಂದಿನವರು ಪಿಸುಗುಟ್ಟಿದರು.

"ಈ ಪುಸ್ತಕ ಬರೆದೋಳು ನಾನು. ಸುಡು ಅಂದಿದ್ರು, ಸುಡ್ಲಿಲ್ಲ. ಶಿಲುಬೆ ಕೆಳಗೆ ಹೂತಿಟ್ಟೆ. ಅದು ಸಿಕ್ಕಿದ್ದಕ್ಕೇ ಅವರೆಲ್ಲ ಸತ್ರು. ನನ್ ಹೆಸರು ಇದ್ರಲ್ಲಿ ಇರ್ಲಿಲ್ಲ. ಕೇಳ್ದಾಗ್ಲೂ ಹೇಳ್ಲಿಲ್ಲ. ದೇವರು ಉಳಿಸ್ಲಿಲ್ಲ ನನ್ನ. ನಾನೇ ಬಚ್ಚಿಟ್ಕೊಂಡೆ." ಆಮೇಲೆ ಅವಳು ಕಸಿಮೀರಾಳ ಕಡೆ ತಿರುಗಿದಳು. "ಕೊಮಾದ್ರೆ, ಎಲ್ಲಾ ಪಾಪನೂ ಪಾಪನಿವೇದನೇಲಿ ಹೇಳಿದೀನಿ. ಇದೊಂದು ಹೇಳಿಲ್ಲ. ಇದನ್ನ ನಿನಗೇ ಹೇಳ್ಬೇಕಿತ್ತು."

ಕಸಿಮೀರಾ ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು. ನೊಹೆಮಿಯ ಕೈ ಕೊಡವಿ, ಬೆಂಚಿನಿಂದ ಎದ್ದು, ಎಲ್ಲರ ನಡುವೆ ಹೊರಟುಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಊರೂ ಹೋಯಿತು.

ಮಾರನೆಯ ದಿನ ಕಾಫಿ ಕಾಸಿ ಎರಡು ಲೋಟಕ್ಕೆ ಹೊಯ್ದಳು ಬಾಲ್ಬಿನಾ. ತೊರ್ತಿಯಾ ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಬಟ್ಟೆ ಒಗೆಯಲು ಕೂತರೆ ಯಾವ ದನಿಯೂ ಇಲ್ಲ. ಸತ್ತವರೂ ಬಿಟ್ಟು ಹೋಗಿದ್ದರು. ಅವರಿಲ್ಲದೆ ಅಂಗಳ ಇಷ್ಟು ದೊಡ್ಡದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕಲ್ಲಿನ ಮೇಲೆ ತಲೆಯಿಟ್ಟು ಅತ್ತಳು.

ಎರಡನೆಯ ದಿನ ಮಧ್ಯಾಹ್ನ ಫಾದರ್ ಎಲ್ಮೆರ್ ಬಂದು ಹೊಸ್ತಿಲಲ್ಲೇ ಕೂತರು.

"ನಾನು ಓದಿದ ಪಾಠದಲ್ಲಿ ಇದೆಲ್ಲ ಇರ್ಲಿಲ್ಲ ಅಜ್ಜಿ," ಎಂದರು ಕೊನೆಗೆ.

"ಇದ್ದಿದ್ರೆ ಏನ್ ಮಾಡ್ತಿದ್ರಿ?"

"ಗೊತ್ತಿಲ್ಲ. ಮೀಟಿಂಗಿಗೆ ಇಗರ್ಜಿ ಕೊಡಲ್ಲ ಅಂತ ಅಷ್ಟು ಸಲೀಸಾಗಿ ಅನ್ತಿರ್ಲಿಲ್ಲ." ಅವರು ಕೈಬೆರಳನ್ನೇ ನೋಡಿಕೊಂಡರು. "ನಿನ್ನೆ ಬೀಗದ ಕೈ ನೊಹೆಮಿಗೆ ಕೊಟ್ಟೆ. ಪುಸ್ತಕನೂ ಅವರಜ್ಜಿ ಕೇಳಿ ಇಸ್ಕೊಂಡು ಹೋದ್ರು."

"ಕಸಿಮೀರಾನಾ? ಸುಡೋಕಾ?"

"ಕೇಳ್ಲಿಲ್ಲ ಅಜ್ಜಿ. ಅವರಿಗೆ ಸೇರಿದ್ದು ಅದು."

ಮೂರನೆಯ ದಿನವೂ ತೊರ್ತಿಯಾ ಇಲ್ಲ. ನಾಲ್ಕನೆಯ ಬೆಳಿಗ್ಗೆ ಬಾಲ್ಬಿನಾ ಒಂದೇ ಲೋಟ ತೆಗೆದುಕೊಂಡಳು. ಕಾಫಿ ಹೊಯ್ಯುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಕಸಿಮೀರಾ. ಕೈಯಲ್ಲಿ ಬಟ್ಟೆಯ ಗಂಟಿರಲಿಲ್ಲ, ನೀಲಿ ರಟ್ಟಿನ ಪುಸ್ತಕವಿತ್ತು. ಮೂರು ದಿನದಲ್ಲಿ ಮೂರು ವರ್ಷ ಹೆಚ್ಚು ವಯಸ್ಸಾದಂತೆ ಕಾಣುತ್ತಿದ್ದಳು.

"ಕ್ಷಮಿಸಿದೀನಿ ಅಂತ ಅನ್ಕೋಬೇಡ," ಎಂದಳು ಒಳಗೆ ಬರುತ್ತಲೇ. "ಕ್ಷಮಿಸಿಲ್ಲ. ನಲವತ್ನಾಲ್ಕು ವರ್ಷ ನನ್ ಕೈ ತೊರ್ತಿಯಾ ತಿಂದಿದೀಯ."

"ಹೂಂ."

"ನಾನೂ ಕೂಟಕ್ಕೆ ಬಂದಿದ್ರೆ ನೀನು ನನ್ ಹೆಸರೂ ಬರೀತಿದ್ದೆ. ಬರೀತಿದ್ದೆ ತಾನೆ?"

"ಬರೀತಿದ್ದೆ."

"ನಾನೂ ಇದ್ದೀನಿ ಅಂತಿದ್ದೆ. ನನ್ ಗಂಡ ಎದ್ದ ಮೇಲೆ ನಾನು ಕೂತಿರ್ತಿದ್ನಾ? ಮೂರ್ ದಿನದಿಂದ ಅದೇ ಯೋಚನೆ ನನಗೆ." ಕಸಿಮೀರಾ ಶಾಲಿನ ಅಂಚಿನಿಂದ ಮೂಗು ಒರೆಸಿಕೊಂಡಳು. "ಅವರನ್ನ ಕೊಂದಿದ್ದು ಪುಸ್ತಕ ಅಲ್ಲ. ಓದಿದೋನು. ಅಷ್ಟು ನನಗೂ ತಿಳಿಯತ್ತೆ, ಓದು ಬರದಿದ್ರೂ. ಆದ್ರೆ ನೀನು ನನಗೆ ಹೇಳ್ಬೇಕಿತ್ತು. ಅದನ್ನ ಹೊಟ್ಟೆಗೆ ಹಾಕ್ಕೊಳೋಕೆ ನನಗೆ ಟೈಮ್ ಬೇಕು. ಎಷ್ಟು ಬೇಕೋ ಗೊತ್ತಿಲ್ಲ, ಅಷ್ಟರೊಳಗೆ ಸತ್ರೂ ಸಾಯ್ತೀನಿ."

ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು ತೆರೆದಳು. ಓದು ಬಾರದಿದ್ದರೂ ಪುಟ ಹುಡುಕಿ ಇಟ್ಟುಕೊಂಡಿದ್ದಳು. ಒಲಿಂಪಿಯಾಳ ಹೆಸರಿನ ಕೆಳಗೆ ಪುಟ ಖಾಲಿಯಿತ್ತು, ಅಂಚು ಹಳದಿಯಾಗಿತ್ತು.

"ಇವತ್ತು ಸಂಜೆ ಇಗರ್ಜೀಲಿ ನೀರಿನ ಮೀಟಿಂಗು. ಹೆಸರು ಹಾಳೇಲಿ ಬೇಡ, ಇದ್ರಲ್ಲೇ ಬರೀಲಿ ಅಂತ ನೊಹೆಮಿಗೆ ಹೇಳಿದೀನಿ. ಬರಿ."

"ಕೊಮಾದ್ರೆ, ಬೇಡ. ಮತ್ತೆ ಯಾರ ಕೈಗಾದ್ರೂ ಸಿಕ್ಕಿದ್ರೆ..."

"ಸಿಗ್ಲಿ. ಈ ಸಲ ನಾವೇ ಮೇಯರ್ ಕೈಗೆ ಕೊಡ್ತಿದೀವಿ ತಾನೆ? ಮೊದ್ಲು ನಿಂದು ಬರಿ. ಆಮೇಲೆ ನಂದು."

ಬಾಲ್ಬಿನಾ ಪೆನ್ನು ಹಿಡಿದಳು. ದುಂಡು ಅಕ್ಷರಗಳು ಈಗ ಬರಲಿಲ್ಲ, ಸೊಟ್ಟಗಾದವು. ಇಪ್ಪತ್ತನಾಲ್ಕು, ಬಾಲ್ಬಿನಾ ಮೆಹೀಯಾ. ಅಂಗಳದ ಒಗೆಯುವ ಕಲ್ಲಿನ ಕಡೆ ಯಾರೋ ಉಸಿರು ಬಿಟ್ಟ ಸದ್ದು ಕೇಳಿಸಿತು. ಒಬ್ಬರಲ್ಲ, ಬಹಳ ಜನ. ಅವಳು ಪೆನ್ನು ನಿಲ್ಲಿಸಿ ಆಲಿಸಿದಳು.

"ಏನು?" ಎಂದಳು ಕಸಿಮೀರಾ.

"ಏನಿಲ್ಲ."

"ಹಾಗಾದ್ರೆ ನಂದು ಬರಿ. ದಪ್ಪಗೆ ಬರಿ ಕೊಮಾದ್ರೆ. ಓದೋನಿಗೆ ಕಷ್ಟ ಆಗ್ಬಾರ್ದು."